ಪರದೆಯ ಸೀಳಿನಿಂದ ಚಾಚಿದ ಕೈ

ಒಂದೇ ಮೊಣಕೈಗೆ ರಹೀಮ್ ಮೂರು ಎನ್ನುತ್ತಿದ್ದ, ಹುರ್ಷಿದಾ ಒಂದು ಎನ್ನುತ್ತಿದ್ದಳು. ಪಾರ್ಶ್ವವಾಯು ಬಡಿದವರ ಸ್ನಾಯು ಎಷ್ಟು ಬಿಗಿದಿದೆಯೆಂದು ಮಡಿಸಿ, ಬಿಡಿಸಿ, ತಮ್ಮ ಅಂಗೈಯಿಂದಲೇ ಹೇಳುವ ಕೆಲಸ ಅವರಿಬ್ಬರದು. ಸೊನ್ನೆಯೆಂದರೆ ಪೂರ್ತಿ ಸಡಿಲ, ನಾಲ್ಕೆಂದರೆ ಮರದ ಕೊರಡು. ಇಬ್ಬರ ಲೆಕ್ಕ ತಾಳೆಯಾಗದ್ದು ಕಂಡು ಓಶ್ ನಗರದ ಆ ಆಸ್ಪತ್ರೆಯ ಹಿರಿಯ ವೈದ್ಯೆ ಕನ್ನಡಕ ತೆಗೆದರು.

“ನೀನು ಮೊಣಕೈ ಅಳೀತಿಲ್ಲ ಹುರ್ಷಿದಾ, ಮುಖ ಅಳೀತಿದ್ದೀಯ. ನಾಳೆ ಪರದೆ ಕಟ್ಟಿಸ್ತೀನಿ.”

ಆ ಮುಖ ಮಮಾಸೋಲಿ ಅಕಾ ಅವರದು. ಅಲ್ಲಿ ಅಣ್ಣನಿಗೆ ಅಕಾ ಎನ್ನುತ್ತಾರೆ, ಅಕ್ಕನಿಗೆ ಓಪಾ. ಆಯುಷ್ಯವೆಲ್ಲ ತಂದೂರಿನೊಳಗೆ ಕೈ ನೀಡಿ ಗೋಡೆಗೆ ರೊಟ್ಟಿ ಬಡಿದವರು. ಈಗ ಬಲಗೈ ಮಡಿಸಿಕೊಂಡರೆ ಬಿಚ್ಚದು. ಮೊಣಕೈ ನೆಟ್ಟಗಾದರೆ ಒಲೆ, ಆಗದಿದ್ದರೆ ಮಂಚ. ಹುರ್ಷಿದಾ ಚಳಿಗಾಲವಿಡೀ ಆ ಕೈಯನ್ನು ನೀವಿದಳು, ಎಳೆದಳು, ‘ಎರಡು’ ಎಂದಳು, ಆಮೇಲೆ ‘ಒಂದು’ ಎಂದಳು. ಅದನ್ನು ನಂಬಿ ಅಕಾ, ಅಂಗಡಿ ಯಾರಿಗೂ ಬಿಡಬೇಡ, ನೌರೂಜ್ ಹಬ್ಬಕ್ಕೆ ನಾನೇ ಬಂದು ಒಲೆ ಹಚ್ಚುತ್ತೇನೆಂದು ತಮ್ಮನಿಗೆ ಹೇಳಿ ಕಳಿಸಿದ್ದರು.

ಮರುದಿನ ವಾರ್ಡಿಗೆ ಪರದೆ ಬಂತು. ಅಕಾ, ಪಕ್ಕದ ಮಂಚಗಳ ಸಮದ್, ಮುದುಕ ತೋಹಿರ್, ಮೂವರು ರೋಗಿಗಳು ಸರದಿಯಂತೆ ಅದರ ಸೀಳಿನಿಂದ ಕೈ ಚಾಚಬೇಕು. ಒಲೆಯ ಸುಟ್ಟ ಕಲೆಗಳು ಗುರುತು ಹೇಳಬಾರದೆಂದು ಬೆರಳ ತುದಿಯವರೆಗೆ ಬಟ್ಟೆಯ ಚೀಲ. ಯಾರೂ ಬಾಯಿ ಬಿಡಕೂಡದು. ಆದರೆ ಆ ವಾರ್ಡಿನಲ್ಲಿ ಸೊಂಟ ಮುರಿದುಕೊಂಡ ಲಾರಿ ಚಾಲಕ ಎರ್ಗಶ್ ಮಲಗಿದ್ದ. ಬಾಯಿ ಬಿಡದೆ ಇರುವುದೊಂದನ್ನು ಬಿಟ್ಟು ಮಿಕ್ಕೆಲ್ಲವೂ ಅವನಿಗೆ ಬರುತ್ತಿತ್ತು. ಯಾರ ದನಿಯನ್ನಾದರೂ ಅವರಿಗಿಂತ ಚೆನ್ನಾಗಿ ಆಡುತ್ತಿದ್ದ.

ಮೊದಲ ಕೈ ಬಂತು.

“ಬಿಸ್ಮಿಲ್ಲಾ… ಮೆಲ್ಲಗೆ ತಂಗೀ,” ಎಂದಿತು ಪರದೆ. ಅಕಾ ದಿನವೂ ಹೇಳುವ ಮಾತು. ಹುರ್ಷಿದಾ ತುಟಿಯಂಚಿನಲ್ಲೇ ನಕ್ಕು ಎಳೆದಳು. ಚೂರು ತಡೆದು ಬಿಟ್ಟುಕೊಟ್ಟಂತಾಯಿತು. “ಒಂದು.”

ಎರಡನೆಯ ಕೈಯ ಹಿಂದೆ ಸಮದ್‌ನ ಗೊರಗೊರ ಕೆಮ್ಮು. “ಮೂರು.”

ಮೂರನೆಯದರ ಹಿಂದೆ ಮುದುಕ ತೋಹಿರ್‌ನ ಗೋಳು: “ಅಯ್ಯಯ್ಯೋ, ಕೊಂದೇಬಿಟ್ಳಲ್ಲಪ್ಪೋ!”

“ಇಷ್ಟು ಕಿರುಚೋರು ಸಾಯಲ್ಲ ಅಜ್ಜಾ. ಇದೂ ಮೂರು.”

ಪರದೆ ಸರಿಯಿತು. ಸಮದ್, ತೋಹಿರ್ ತಂತಮ್ಮ ಮಂಚದಲ್ಲೇ ರಜಾಯಿ ಬಾಯಿಗೆ ತುರುಕಿಕೊಂಡಿದ್ದರು. ಸ್ಟೂಲಿನ ಮೇಲೆ ಮಮಾಸೋಲಿ ಅಕಾ ಒಬ್ಬರೇ.

“ಮೂರು ಸಲಾನೂ ಕೈ ಕೊಟ್ಟಿದ್ದು ಒಬ್ರೇ, ಹುರ್ಷಿದಾ ಓಪಾ! ದನಿ ಮಾತ್ರ ನಂದು!” ಎಂದು ಎರ್ಗಶ್ ಮಂಚ ಕುಟ್ಟಿದ. ವಾರ್ಡಿಗೆ ವಾರ್ಡೇ ನಕ್ಕಿತು.

ಹುರ್ಷಿದಾ ನಗಲು ಹೊರಟು ಅರ್ಧಕ್ಕೇ ನಿಂತಳು. ಎಳೆದಷ್ಟೂ ಸ್ನಾಯು ಸಡಿಲವಾಗಬೇಕಿತ್ತು. ಇದು ಅಕಾ ಅವರ ದನಿ ಇದ್ದಾಗ ಒಂದಾಗಿತ್ತು, ದನಿ ಹೋದದ್ದೇ ತಡ ಮೂರಾಗಿತ್ತು. ಹಿರಿಯ ವೈದ್ಯೆ ಕಿಟಕಿಯತ್ತ ತಿರುಗಿಕೊಂಡರು.

“ಅಂದ್ರೆ ತಂಗೀ… ನನ್ ಕೈ ಮೂರಾ?” ಅಕಾ ಕೇಳಿದರು.

“ಇನ್ನೊಂದಿನ ನೋಡೋಣ ಅಕಾ. ಇವತ್ತು ಗಲಾಟೇಲಿ…”

“ಆಸ್ಪತ್ರೆಗೆ ಬಂದ ದಿನಾನೂ ಮೂರೇ ಇತ್ತಲ್ವಾ?”

ಅವಳು ಬಗ್ಗಿ ಚೀಲದ ಸುಕ್ಕು ಸರಿಪಡಿಸತೊಡಗಿದಳು. ಎರ್ಗಶ್ ಕುಟ್ಟುತ್ತಿದ್ದ ಕೈ ಹಾಗೇ ನಿಂತಿತು.

“ನಿನ್ನ ಬೇಸ್ತು ಬೀಳಿಸೋಣ ಅಂತ ಇವ್ರನ್ನ ಹುರಿದುಂಬಿಸಿದ್ದೇ ನಾನು ಕಣೇ,” ಎಂದ ಅಕಾ ಕಿಸಕ್ಕನೆ ನಕ್ಕರು. ಮತ್ತೆ ನಕ್ಕರು. ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ಒಂದೊಂದು ನಗೆಗೂ ಚೀಲದೊಳಗಿನ ಕೈ ತನ್ನಷ್ಟಕ್ಕೆ ಮಡಿಸಿಕೊಳ್ಳುತ್ತಾ ಎದೆಯತ್ತ ಏರತೊಡಗಿತು. ಹುರ್ಷಿದಾ ಮಣಿಕಟ್ಟು ಹಿಡಿದು ಕೆಳಗೆಳೆದಳು. ಬರಲಿಲ್ಲ. ಬೇರೆ ಯಾರೂ ನಗುತ್ತಿರಲಿಲ್ಲ. ಅಕಾ ಮಾತ್ರ, ಕಾರಿಡಾರಿನ ಆಚೆ ತುದಿಗೂ ಕೇಳುವಂತೆ, ನಗುತ್ತಲೇ ಇದ್ದರು.