ಅಪ್ಪನ ಹೆಬ್ಬೆರಳಿಗೆ ಒಪ್ಪಿದ ಗೇಮ್‌ಪ್ಯಾಡ್

ಅಪ್ಪ ಲಿಫ್ಟ್ ಮೆಕ್ಯಾನಿಕ್ ಆಗಿದ್ದವರು. ಲಿಫ್ಟ್ ಒಮ್ಮೆ ಮೇಲೆ ಹೋಗಿ ಕೆಳಗೆ ಬರುವಷ್ಟರಲ್ಲಿ, ಕಾಯಿಲೆ ಯಾವ ಮಹಡಿಯ ಬಾಗಿಲಲ್ಲಿದೆ ಎಂದು ಬರೀ ಸದ್ದಿನಿಂದ ಹೇಳಿಬಿಡುತ್ತಿದ್ದರು. ಕಣ್ಣಿನ ನರ ಸೊರಗುತ್ತ ಬಂದು ನೋಟ ಪೂರ್ತಿ ಹೋದ ಮೇಲೆ ಕೆಲಸ ಬಿಟ್ಟು ಮನೆಯಲ್ಲಿ ಕುಳಿತರು. ಅಳಲಿಲ್ಲ, ಗೊಣಗಲಿಲ್ಲ. ಆದರೆ ಸ್ವಂತ ಮನೆಯಲ್ಲೇ ಯಾರಿಗೂ ಅಡ್ಡ ಬರಬಾರದೆಂಬಂತೆ ಗೋಡೆ ಹಿಡಿದು ಬದಿಗೆ ಸರಿದು ನಡೆಯತೊಡಗಿದರು. ಅದನ್ನು ನೋಡುವುದೇ ಮಗಳಿಗೆ ಕಷ್ಟವಾಗುತ್ತಿತ್ತು.

ಮಗಳು ಹಲ್ಲಿನ ಸೆಟ್ ತಯಾರಿಸುವ ಲ್ಯಾಬಿನಲ್ಲಿದ್ದಳು. ಒಂದು ಹಲ್ಲು ಕೂದಲೆಳೆಯಷ್ಟು ಎತ್ತರವಾದರೂ ಬಾಯಿ ಅದನ್ನು ಒಪ್ಪುವುದಿಲ್ಲ ಎಂಬುದು ಅವಳ ಕಸುಬಿನ ಮೊದಲ ಪಾಠ.

ಒಂದು ಸಂಜೆ ಅಪ್ಪ ಬಟಾಣಿ ಸುಲಿಯುತ್ತ ಏನೋ ಗುನುಗುತ್ತಿದ್ದರು. ಮಗಳು ಕಿವಿಗೊಟ್ಟು ಕೇಳಿದಳು. ಅದು ಹಾಡಾಗಿರಲಿಲ್ಲ, ಅವಳ ಚಿಕ್ಕಂದಿನಲ್ಲಿ ಟೀವಿಗೆ ಸಿಕ್ಕಿಸಿ ಆಡುತ್ತಿದ್ದ ಗಣಿಗಾರನ ಆಟದ ಸಂಗೀತವಾಗಿತ್ತು. ಪುಟ್ಟ ಗಣಿಗಾರನೊಬ್ಬ ಗುಹೆಯಿಂದ ಗುಹೆಗೆ ಹಾರುತ್ತ, ಏಣಿ ಹತ್ತಿ ಇಳಿಯುತ್ತ ಹೋಗುವ ಆಟ. ತಂದದ್ದು ಮಗಳಿಗೆಂದು. ಕೆಲಸ ಮುಗಿಸಿ ಬಂದ ಮೇಲೆ ನಿದ್ದೆಗೆಟ್ಟು ಆಡಿ ಆಡಿ ಅದರ ಗುಂಡಿಗಳನ್ನು ಸವೆಸಿದವರು ಅಪ್ಪ.

"ಅಪ್ಪ, ಆ ಆಟ ಇನ್ನೂ ನೆನಪಿದೆಯಾ?"

"ಮರೆಯೋದುಂಟಾ? ಎರಡನೇ ಗುಹೆಯಲ್ಲಿ ನೀರು ತೊಟ್ಟಿಕ್ಕುತ್ತೆ, ಮೂರನೆಯದರಲ್ಲಿ ಬಾವಲಿ ರೆಕ್ಕೆ ಬಡಿಯುತ್ತೆ. ನಾನು ಆಗಲೂ ಅರ್ಧ ಆಟ ಕಿವಿಯಲ್ಲೇ ಆಡ್ತಿದ್ದೆ ಪುಟ್ಟಿ."

ಹಳೆಯ ಆಟಗಳನ್ನು ಈಗಿನ ಕಂಪ್ಯೂಟರಿನಲ್ಲಿ ಆಡಿಸುವ ಎಮ್ಯುಲೇಟರ್ ಎಂಬ ತಂತ್ರಾಂಶ ಇದೆಯೆಂದು ಮಗಳಿಗೆ ಗೊತ್ತಿತ್ತು. ಆ ವಾರವೇ ಅದನ್ನು ಹಾಕಿಸಿಕೊಂಡಳು. ಜೊತೆಗೆ ಆನ್‌ಲೈನಿನಲ್ಲಿ ಎಲ್ಲಕ್ಕಿಂತ ಚೆಂದ ಕಂಡ ಗೇಮ್‌ಪ್ಯಾಡ್ ತರಿಸಿದಳು. ಬಣ್ಣಬಣ್ಣದ ದೀಪ, ಕೈಯಲ್ಲಿ ಗಡಗಡ ನಡುಗುವ ಮೋಟರು, ಬೆನ್ನಿಗೂ ನಾಲ್ಕು ಗುಂಡಿ.

ಅಮ್ಮ ಬಾಗಿಲಲ್ಲಿ ನಿಂತು ನಕ್ಕಳು. "ಕಣ್ಣಿದ್ದಾಗ ಪುರುಸೊತ್ತಿರಲಿಲ್ಲ, ಪುರುಸೊತ್ತಿರುವಾಗ ಕಣ್ಣಿಲ್ಲ. ಹಲ್ಲು ಕಡಲೆಯ ಕಥೆ ಆಯ್ತಲ್ರೀ ನಿಮ್ಮದು."

"ಹಲ್ಲು ಮಾಡೋಳು ಮನೇಲೇ ಇದ್ದಾಳೆ, ಬಿಡೇ," ಎಂದರು ಅಪ್ಪ. ಬಹಳ ದಿನಗಳ ಮೇಲೆ ಅವರ ಬಾಯಿಂದ ತಮಾಷೆ ಬಂದಿತ್ತು.

ಆದರೆ ಆಟ ಕೈಕೊಟ್ಟಿತು. ಬಲಕ್ಕೆ ನಡೆಯಬೇಕಾದ ಗಣಿಗಾರ ಇದ್ದಕ್ಕಿದ್ದಂತೆ ಏಣಿಯಿಳಿದು ಹಳ್ಳಕ್ಕೆ ಬೀಳುತ್ತಿದ್ದ. ಮತ್ತೆ ಆಡಿದರು, ಮತ್ತೆ ಬಿದ್ದ. ಕಣ್ಣಿದ್ದವರಾದರೆ ಪರದೆ ನೋಡಿ ಅಲ್ಲಲ್ಲೇ ಸರಿಪಡಿಸಿಕೊಂಡಾರು. ಅಪ್ಪನಿಗೆ ಬಿದ್ದ ಸದ್ದು ಕೇಳಿದ ಮೇಲೆಯೇ ವಿಷಯ ತಿಳಿಯುವುದು. ಕೊನೆಗೆ ಪ್ಯಾಡನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು.

"ಕೈ ಮರೆತುಬಿಟ್ಟಿದೆ. ಹೋಗಲಿ ಬಿಡು."

"ಪ್ಯಾಡ್ ಸರಿ ಇಲ್ಲವೇನೋ ಅಪ್ಪ."

"ಬೇಡ ಬೇಡ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗಾಗುತ್ತೆ."

ಮಗಳು ಬಿಡಲಿಲ್ಲ. ಯಾವ ಗುಂಡಿ ಒತ್ತಿದರೆ ಕಂಪ್ಯೂಟರಿಗೆ ಏನು ತಲುಪುತ್ತದೆಂದು ತೋರಿಸುವ ಪರದೆ ತೆರೆದು, "ನೇರ ಬಲಕ್ಕೆ ಒತ್ತು," ಎಂದಳು. ಅಪ್ಪ ಒತ್ತಿದರು. ಪರದೆಯ ಮೇಲೆ ಬಲದ ಬಾಣ ಬೆಳಗಿತು. ಅದರೊಂದಿಗೆ ಕೆಳಗಿನ ಬಾಣವೂ. ಅವಳೂ ಒತ್ತಿ ನೋಡಿದಳು, ಅದೇ ಹಣೆಬರಹ. ದಿಕ್ಕಿನ ಗುಂಡಿಯೇ ಸಡಿಲವಾಗಿ ಓಲಾಡುತ್ತಿತ್ತು.

"ಅಪ್ಪ, ಈ ಸಲ ನೆಲವೇ ಡೊಂಕು!"

ಅಪ್ಪ ಪ್ಯಾಡನ್ನು ಇಸಿದುಕೊಂಡು ಆ ಗುಂಡಿಯನ್ನು ಓಲಾಡಿಸಿ ನೋಡಿದರು. ಆಮೇಲೆ, "ಹಾಗಾದ್ರೆ ನೆಟ್ಟಗಿರೋದು ಎಲ್ಲಿ ಸಿಗುತ್ತೆ?" ಎಂದು ಕೇಳಿದರು. ನೋಟ ಹೋದಂದಿನಿಂದ ಆಸ್ಪತ್ರೆಗಲ್ಲದೆ ಬೇರೆಲ್ಲಿಗೂ ಹೊರಡದಿದ್ದವರು ತಾವಾಗಿಯೇ ಚಪ್ಪಲಿ ಹುಡುಕಿದರು.

ಕಂಪ್ಯೂಟರ್ ಸಾಮಾನಿನ ಅಂಗಡಿಯೊಂದು ಎರಡು ಬೀದಿ ಆಚೆಗಿತ್ತು. ಕನ್ನಡಕವನ್ನು ಹಣೆಗೇರಿಸಿಕೊಂಡ ಅಂಗಡಿಯಾತ ವಿಷಯ ಕೇಳಿದ್ದೇ ಹುರುಪುಗೊಂಡ. ಲ್ಯಾಪ್‌ಟಾಪಿನಲ್ಲಿ ಎಮ್ಯುಲೇಟರ್ ಹಾಕಿ, ಕೌಂಟರಿನ ಮೇಲೆ ಪ್ಯಾಡುಗಳನ್ನು ಸಾಲಾಗಿ ಹರಡಿದ.

"ಇದು ತಗೊಳ್ಳಿ ಸರ್, ವೈರ್‌ಲೆಸ್ಸು. ಕಾಲಿಗೆ ತೊಡರೋ ತಂತಿಯೇ ಇಲ್ಲ."

ಅಪ್ಪ ಹಾರುವ ಗುಂಡಿಯನ್ನು ಕೆಲವು ಸಲ ಒತ್ತಿ ತಲೆಯಾಡಿಸಿದರು. "ನಾನು ಒತ್ತೋದು ಈಗ, ಇವನು ಹಾರೋದು ಆಮೇಲೆ. ಕರೆದರೆ ಬರೋಕೆ ಯೋಚನೆ ಮಾಡೋ ಲಿಫ್ಟಿನ ಹಾಗಿದೆ."

ಅಂಗಡಿಯಾತ ತಾನೇ ಕಣ್ಣು ಮುಚ್ಚಿಕೊಂಡು ಒತ್ತಿ ನೋಡಿದ. ಎರಡನೆಯ ಸಲಕ್ಕೆ ಅವನ ಮುಖ ಅರಳಿತು. "ಅರೆ, ಹೌದಲ್ಲ! ನೋಡ್ತಾ ಒತ್ತಿದ್ರೆ ಗೊತ್ತೇ ಆಗಲ್ಲ ಸರ್. ನಿಲ್ಲಿ, ಒಳಗೆ ಇನ್ನೂ ಇವೆ."

ಅಲ್ಲಿಂದ ಮುಂದೆ ಅದು ವ್ಯಾಪಾರವಾಗಿ ಉಳಿಯಲಿಲ್ಲ. ಮೂವರೂ ಸೇರಿ ನಡೆಸಿದ ಪರೀಕ್ಷೆಯಾಯಿತು. ಅಪ್ಪ ಒತ್ತುವುದು, ಮಗಳು ಪರದೆಯ ಬಾಣ ನೋಡಿ ಕೂಗುವುದು, ಅಂಗಡಿಯಾತ ಮುಂದಿನ ಡಬ್ಬಿ ಒಡೆಯುವುದು. ಒಂದರ ಗುಂಡಿ ಒತ್ತಿದರೆ ಕೆಸರಿನಲ್ಲಿ ಕಾಲಿಟ್ಟಂತೆ ಒಳಗೇ ಇಳಿಯಿತು. ಇನ್ನೊಂದರಲ್ಲಿ ಎಡಗೈ ಹೆಬ್ಬೆರಳಿರಬೇಕಾದ ಕಡೆ ಕೋಲಿನಂಥ ಸ್ಟಿಕ್ಕು ಕುಳಿತು ದಿಕ್ಕಿನ ಗುಂಡಿ ಮೂಲೆಗೆ ಸರಿದಿತ್ತು. ಮತ್ತೊಂದು ಎಲ್ಲದರಲ್ಲೂ ಪಾಸಾಗಿ ತೂಕದಲ್ಲಿ ಸೋತಿತು. "ಇದನ್ನ ಹಿಡಿದು ಆಡಿದ್ರೆ ಮಾರನೇ ದಿನ ಅನ್ನ ಕಲಸೋಕೂ ಕೈ ಬರಲ್ಲ," ಎಂದರು ಅಪ್ಪ.

ಕಡೆಗೆ ಬಂದದ್ದು ತೀರ ಸಾದಾ ಪ್ಯಾಡು. ಬೂದು ಬಣ್ಣ, ಯುಎಸ್‌ಬಿ ತಂತಿ, ದೀಪವಿಲ್ಲ, ನಡುಕವಿಲ್ಲ. ಅಪ್ಪ ಬಲಕ್ಕೆ ಒತ್ತಿದರು.

"ಬಲ," ಎಂದಳು ಮಗಳು.

"ಬರೀ ಬಲವಾ?"

"ಬರೀ ಬಲ!"

ಎಡಕ್ಕೆ, ಮೇಲಕ್ಕೆ, ಕೆಳಕ್ಕೆ. ಒಂದೂ ಪಕ್ಕದ ಮನೆಗೆ ಇಣುಕಲಿಲ್ಲ. ಹಾರುವ ಗುಂಡಿ ಟಕ್ಕೆನ್ನುವುದಕ್ಕೂ ಗಣಿಗಾರ ಹಾರುವ ಸದ್ದಿಗೂ ನಡುವೆ ಬಿರುಕೇ ಇರಲಿಲ್ಲ. ಅಪ್ಪ ಅದನ್ನು ಡಬ್ಬಿಗೆ ಹಾಕಲು ಬಿಡದೆ, ಜೇಬಿಗಿಳಿಸಿಕೊಂಡೇ ಮನೆಗೆ ನಡೆದರು.

ಒಂದು ಕೊರತೆ ಮಾತ್ರ ಉಳಿದಿತ್ತು. ಆಟದ ಬಿಸಿಯಲ್ಲಿ ಹೆಬ್ಬೆರಳು ದಿಕ್ಕಿನ ಗುಂಡಿಯ ನಟ್ಟನಡುವಿನಿಂದ ಜಾರಿದರೆ ಅಪ್ಪನಿಗೆ ಮತ್ತೆ ಜಾಗ ಸಿಗಲು ತಡವಾಗುತ್ತಿತ್ತು. ಮರುದಿನ ಮಗಳು ಪ್ಯಾಡನ್ನು ಲ್ಯಾಬಿಗೆ ಒಯ್ದಳು. ಊಟದ ಬಿಡುವಿನಲ್ಲಿ, ಕೃತಕ ಒಸಡಿಗೆ ಬಳಸುವ ಗುಲಾಬಿ ಅಕ್ರಿಲಿಕ್ ಕಲಸಿ, ಗುಂಡಿಯ ಮಧ್ಯದಲ್ಲಿ ಸಾಸಿವೆಯಷ್ಟು ಉಬ್ಬು ಕೂರಿಸಿದಳು. ಗಟ್ಟಿಯಾದ ಮೇಲೆ ಉಜ್ಜಿ ನಯ ಮಾಡಿದಳು. ಪ್ಯಾಡಿನ ಅಂಚಿನಲ್ಲಿ ಅಂಗೈಗೆ ಚುಚ್ಚುತ್ತಿದ್ದ ಪ್ಲಾಸ್ಟಿಕ್ಕಿನ ಮುಳ್ಳನ್ನೂ ತೇಯ್ದಳು.

ಸಂಜೆ ಅಪ್ಪ ಅದರ ಮೇಲೆ ಬೆರಳಾಡಿಸಿ, "ಏನಿದು?" ಎಂದರು.

"ಒಸಡು," ಎಂದಳು ಮಗಳು.

"ಸದ್ಯ, ಕಚ್ಚದಿದ್ರೆ ಸಾಕು," ಎಂದಳು ಅಮ್ಮ.

ಭಾನುವಾರ ಮಧ್ಯಾಹ್ನ ಅಪ್ಪ ನೆಟ್ಟಗೆ ಕೂತು ಆಟ ಶುರು ಮಾಡಿದರು. ಸತ್ತರೆ ಅಲ್ಲಿಂದಲೇ ಮತ್ತೆ ಆಡಲು ಬರುವಂತೆ ಪ್ರತಿ ಗುಹೆಯಲ್ಲೂ ಆಟವನ್ನು ಉಳಿಸಿಡುತ್ತೇನೆಂದು ಮಗಳು ಹೇಳಿದರೆ, "ಅದು ಕಳ್ಳಾಟ," ಎಂದು ಒಪ್ಪಲಿಲ್ಲ. ಮೊದಲ ಗುಹೆ ಕಳೆಯಿತು. ನೀರಿನ ಗುಹೆಯಲ್ಲಿ ತೊಟ್ಟಿಕ್ಕುವ ತಾಳಕ್ಕೆ ಸರಿಯಾಗಿ ಹಾರಿದರು. ಬಾವಲಿ ಬಂದಾಗ ಉಸಿರು ಬಿಗಿಹಿಡಿದು ನಿಂತು, ರೆಕ್ಕೆ ಸದ್ದು ದೂರವಾದ ಕ್ಷಣ ಓಡಿದರು. ಆಚೆಗೆ ತೊಟ್ಟಿಲಂತೆ ತೂಗುವ ಕಬ್ಬಿಣದ ಬಕೆಟ್ಟಿತ್ತು. ಕಣ್ಣಿದ್ದ ಕಾಲದಲ್ಲೂ ಅಪ್ಪ ಅದನ್ನು ದಾಟಿರಲಿಲ್ಲ.

ಅವರು ಹಾರಲಿಲ್ಲ. ಬಕೆಟ್ಟು ಕಿರ್ರೆಂದು ಬಂದು ಹೋಗುವುದನ್ನು ಸುಮ್ಮನೆ ಕೇಳುತ್ತ ಕುಳಿತರು. ಅಮ್ಮ ಸೌಟು ಹಿಡಿದೇ ಬಂದು ನಿಂತಳು. ಮಗಳು ತುಟಿ ಕಚ್ಚಿಕೊಂಡಳು. "ಈಗ ಹಾರು" ಎಂದು ನಾಲಿಗೆ ತುದಿಗೆ ಬಂದದ್ದನ್ನು ನುಂಗಿದಳು. ಅಪ್ಪನ ತಲೆ ಆ ಸದ್ದಿನೊಂದಿಗೆ ಎಡಕ್ಕೂ ಬಲಕ್ಕೂ ಆಡಿತು. ಟಕ್. ಬಕೆಟ್ಟಿನ ಮೇಲೆ ಕಾಲೂರಿದ ಸದ್ದು. ಟಕ್. ಆಚೆ ದಡ. ಹೊಸ ಗುಹೆಯ ಸಂಗೀತ ಮೊಳಗಿತು. ಅದನ್ನು ಆ ಮನೆಯಲ್ಲಿ ಯಾರೂ ಅದುವರೆಗೆ ಕೇಳಿರಲಿಲ್ಲ.

ಅಮ್ಮ, "ಭಲೆ ನನ್ ಗಂಡ!" ಎಂದು ಕೂಗಿ ತನ್ನ ಕೂಗಿಗೆ ತಾನೇ ನಾಚಿದಳು. ಅಷ್ಟರಲ್ಲಿ ಹೊಸ ಗುಹೆಯ ಮೊದಲ ಹೆಜ್ಜೆಗೇ ಗಣಿಗಾರ ಬಿದ್ದು ಸತ್ತ. ಅಪ್ಪ ಹೋ ಎಂದು ನಕ್ಕರು. "ಬೀಳಲಿ ಬಿಡೇ. ಇದು ಗೊತ್ತಿಲ್ಲದ ಜಾಗ, ನಾಳೆ ಕಲೀತೀನಿ."

ಆಮೇಲೆ ಅವರು ಮನೆಯ ನಡುವೆಯೇ ಕೈಬೀಸಿ ನಡೆದು ಫೋನಿನ ಬಳಿ ಹೋದರು. ಹಳೆಯ ಕೆಲಸದ ಜೊತೆಗಾರನಿಗೆ ಹೇಳುತ್ತಿದ್ದುದು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಮಗಳಿಗೆ ಕೇಳಿಸಿತು. ಅವಳು ನಲ್ಲಿ ನಿಲ್ಲಿಸಿದಳು.

"ಬಕೆಟ್ ದಾಟಿದೆ ಕಣೋ! ಹ್ಞಾ, ನಾನೇ... ಪ್ಯಾಡಾ? ಅಂಗಡಿ ಪ್ಯಾಡೇ, ಆದ್ರೆ ನನ್ ಮಗಳು ಅದಕ್ಕೆ ಏನೋ ಮಾಡಿದ್ದಾಳೆ ನೋಡು, ಹೆಬ್ಬೆರಳು ಇಟ್ರೆ ಸಾಕು, ತಾನೇ ಜಾಗ ಹಿಡಿಯುತ್ತೆ. ಅವಳ ಕೈ ಅಂದ್ರೆ ಕೈ. ಬಾ, ಮುಂದಿನ ಭಾನುವಾರ ಬಾ. ಆದ್ರೆ ನಿನ್ ಪ್ಯಾಡ್ ನೀನೇ ತಗೊಂಡು ಬಾ. ಇದನ್ನ ಮಾತ್ರ ಯಾರಿಗೂ ಕೊಡಲ್ಲ."