ಮಡಿಲಿನ ಬಟ್ಟಲು

ತಿಪಟೂರಿನ ಕೊಬ್ಬರಿ ವ್ಯಾಪಾರಿ ಮಲ್ಲಿಕಾರ್ಜುನಯ್ಯನವರ ಮುಂದೆ ಕೊಬ್ಬರಿ ಸುಳ್ಳು ಹೇಳುವಂತಿರಲಿಲ್ಲ. ಕಾಯನ್ನು ಕಿವಿಯ ಬಳಿ ಅಲ್ಲಾಡಿಸಿ ಒಳಗೆ ಒಣಗಿದೆಯೋ ಇಲ್ಲವೋ ಹೇಳುವರು. ಒಡೆದ ಕೊಬ್ಬರಿ ಬಟ್ಟಲನ್ನು ಹೆಬ್ಬೆರಳಲ್ಲಿ ಒತ್ತಿ, ಮೂಸಿ, ಇದು ಇಂಥವರ ತೋಟದ್ದು ಎನ್ನುವರು. ಇಂಥ ಜಾಣರ ಮನೆಯಲ್ಲೇ ದೀಪದ ಬುಡ ಕತ್ತಲಾಗಿತ್ತು.

ಹೆಂಡತಿ ಸುವರ್ಣಮ್ಮ ಮದುವೆ, ಸೀಮಂತಗಳಿಗೆಂದು ಕೊಬ್ಬರಿ ಬಟ್ಟಲಿನ ಮೇಲೆ ಚಿತ್ರ ಕೆತ್ತುತ್ತಿದ್ದರು. ಒಂದೊಂದು ಮುಗಿದಾಗಲೂ ಗಂಡನ ಕೈಗಿಡುವರು.

“ನೋಡ್ರೀ.”

ಇವರು ಒತ್ತುವರು, ಮೂಸುವರು. “ಚೆನ್ನಾಗೈತೆ ಕಣೇ.”

“ಕೊಬ್ರಿನೋ, ಕೆಲ್ಸನೋ?”

“ಎರಡೂನೂವೆ.”

ಅದರಲ್ಲಿ ಅರ್ಧ ಸುಳ್ಳೆಂದು ಆಕೆಗೂ ಗೊತ್ತಿತ್ತು. ಪಾಪ, ಆದರೂ ಮುಂದಿನದನ್ನು ತಂದು ತೋರಿಸುವುದನ್ನು ಬಿಡಲಿಲ್ಲ.

ಕಾಯಿಲೆ ಬಿದ್ದ ಮೇಲೂ ಹಾಸಿಗೆಯಲ್ಲೇ ಕೂತು ಒಂದು ಕೆತ್ತಿದರು. ಇವರು ಅದನ್ನೂ ಒತ್ತಿದರು, ಮೂಸಿದರು, ಚೆನ್ನಾಗೈತೆ ಎಂದರು. ಕೆಲವೇ ದಿನಗಳಲ್ಲಿ ಸುವರ್ಣಮ್ಮ ತೀರಿಕೊಂಡರು.

ಮಳೆಗಾಲ ಮುಗಿದಾಗ ಕಪಾಟಿನಲ್ಲಿ ಬಟ್ಟೆ ಸುತ್ತಿಟ್ಟ ಆ ಬಟ್ಟಲು ಇವರ ಕೈಗೆ ಸಿಕ್ಕಿತು. ಬಿಚ್ಚುತ್ತಿದ್ದಂತೆ ಮುಗ್ಗಲು ವಾಸನೆ ಬಡಿಯಿತು. ನೋಡಬೇಕೆಂದು ಕಣ್ಣಿಗೆ ಅನ್ನಿಸುವ ಮೊದಲೇ, ಪಳಗಿದ ಕೈ ಅದನ್ನು ಕೆಟ್ಟ ಕೊಬ್ಬರಿಯ ಚೀಲಕ್ಕೆ ಎಸೆದಿತ್ತು. ಚೀಲ ಎಣ್ಣೆ ಗಾಣಕ್ಕೆ ಹೋಯಿತು.

ಆಮೇಲೆ ತುರುವೇಕೆರೆಯಿಂದ ಮಗಳು ಜೀವಿತಾ ಬಂದಳು, ಏಳು ತಿಂಗಳ ಬಸುರಿ.

“ಅಪ್ಪಾಜಿ, ನನ್ ಮಡ್ಲು ತುಂಬಕ್ಕೆ ಅಂತ ಅಮ್ಮ ಕೆತ್ತಿದ್ ಬಟ್ಲು ಎಲ್ಲೈತೆ?”

ಮಲ್ಲಿಕಾರ್ಜುನಯ್ಯನವರು ಕೈಯಲ್ಲಿದ್ದ ಕಾಯನ್ನು ಕೆಳಗಿಟ್ಟರು. ನಡೆದದ್ದನ್ನು ತಲೆ ತಗ್ಗಿಸಿ ಹೇಳಿದರು. ಮಗಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಹೋಗ್ಲಿ ಬುಡಿ,” ಎಂದಳು. “ಏನ್ ಕೆತ್ತಿದ್ಲು, ಅದನ್ನಾದ್ರೂ ಹೇಳಿ. ಫೋನಲ್ಲಿ ಕೇಳ್ದ್ರೆ ಹೇಳ್ಲಿಲ್ಲ. ಸೀಮಂತಕ್ಕೆ ಬಂದಾಗ ನೋಡು, ನಿಮ್ಮಪ್ಪಾಜಿ ಒಬ್ರಿಗೇ ತೋರ್ಸಿದೀನಿ ಅಂದಿದ್ಲು.”

ಅವರು ಕಣ್ಣು ಮುಚ್ಚಿದರು. ಬಟ್ಟಲು ಎರಡು ಸಲ ಕೈಗೆ ಬಂದಿತ್ತು. ಅದರ ದಪ್ಪ ನೆನಪಿತ್ತು, ಅಂಚಿನ ನುಣುಪು ನೆನಪಿತ್ತು, ಮೊದಲ ಸಲ ಮೂಸಿದಾಗಿನ ವಾಸನೆಯೂ ನೆನಪಿತ್ತು. ಚಿತ್ರ ಮಾತ್ರ ನೆನಪಿರಲಿಲ್ಲ. ತೊಟ್ಟಿಲೋ, ಬಳ್ಳಿಯೋ, ಮಗುವೋ. ಗಿಳಿ ಎಂದು ಸುಳ್ಳು ಹೇಳಿಬಿಡೋಣವೆಂದರೆ, ಆಕೆ ಗಿಳಿಯನ್ನು ಹೇಗೆ ಕೆತ್ತುತ್ತಿದ್ದರೆಂಬುದೂ ಅವರಿಗೆ ಗೊತ್ತಿರಲಿಲ್ಲ. ಹೆಂಡತಿ ಸತ್ತ ದಿನವೂ ಅವರಿಗೆ ಇಷ್ಟು ಸಂಕಟವಾಗಿರಲಿಲ್ಲ.

“ಕೊಬ್ರಿ ನಮ್ ಕೆರೆ ಹಿಂದಿನ ತೋಟದ್ದು ಕಣವ್ವಾ,” ಎಂದರು. “ಒಳ್ಳೇ ಕೊಬ್ರಿ.”

ಇನ್ನೂ ಏನೋ ಹೇಳುತ್ತಾರೆಂದು ಜೀವಿತಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕಾಯುತ್ತಿದ್ದಳು.