ಎಜ್ರಾ ಪೇಣಕರರು ಸಹಿ ಹಾಕದ ಕಾಗದ

ನಾನು ಒಂದು ಕೇರಂ ಬೋರ್ಡು. ನನ್ನನ್ನು ಮಾಡಿದವರು ಹುಬ್ಬಳ್ಳಿಯ ಮರ್ದಾನಸಾಬ ನದಾಫರು. ರೈಲು ಡಬ್ಬಿಗಳ ಬಡಗಿಯಾಗಿದ್ದ ಅವರು ನಿವೃತ್ತರಾದ ವರ್ಷ, ಓಣಿಯ ಹಿರಿಯರ ಸಂಘಕ್ಕೆಂದು ನಾಲ್ಕು ದಿನ ಕೂತು ನನ್ನ ಮೈ ಉಜ್ಜಿದರು. "ಅಂಗೈ ಇಟ್ಟರ ಜಾರಬೇಕು ನೋಡ್ರಿ" ಎಂದು ಹೇಳಿ ಸಂಘದವರ ಕೈಗೆ ಕೊಟ್ಟರು.

ಹದಿನಾಲ್ಕು ವರ್ಷ ಅಲ್ಲಿದ್ದೆ. ಪ್ರತಿ ಸಂಜೆ ಮರ್ದಾನಸಾಬರಿಗೆ ಜೋಡಿಯಾಗಿ ಎದುರು ಕೂಡುತ್ತಿದ್ದವರು ಎಜ್ರಾ ಪೇಣಕರರು, ರೈಲಿನ ಗಾರ್ಡ್ ಆಗಿದ್ದವರು. ಅವರು ಯಹೂದಿ. ಅಜ್ಜನ ಕಾಲಕ್ಕೇ ಕೊಂಕಣದ ಕಡೆಯಿಂದ ಇಲ್ಲಿಗೆ ಬಂದ ಮನೆತನ. ಸೋತ ದಿನ ಇಬ್ಬರೂ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತ ಜೊತೆಯಾಗಿಯೇ ಮನೆಗೆ ಹೋಗುತ್ತಿದ್ದರು.

ಆಮೇಲೆ ಗಾಜಾದಲ್ಲಿ ಯುದ್ಧ ಶುರುವಾಯಿತು. ಸಂಘದ ಟಿವಿಯಲ್ಲಿ ಬಿದ್ದ ಮನೆಗಳು, ಬಟ್ಟೆ ಸುತ್ತಿದ ಮಕ್ಕಳು. ಒಂದು ಸಂಜೆ ಮರ್ದಾನಸಾಬರು ಸ್ಟ್ರೈಕರ್ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದರು.

"ನಿಮ್ಮ ಜಾತೀನ ಇಂಥಾದ್ದು. ಹುಟ್ಟಾ ನಿಮಗ ಕರುಣಾ ಇಲ್ಲ."

ಎಜ್ರಾ ಅವರ ಬೆರಳು ನನ್ನ ಅಂಚಿನ ಮೇಲೆ ಬಿಗಿಯಾಯಿತು. "ಆ ಮಕ್ಕಳನ್ನ ನೋಡಿ ನನಗೂ ಊಟ ಸೇರಿಲ್ಲ, ಮರ್ದಾನ್. ಆ ಗಡಿ ಆಚೀಕ ನನ್ನ ತಂಗಿ ಮಗಳೂ ಅದಾಳ, ಬಾಂಬಿಗೆ ಹೆದರಿ ನೆಲದ ಕೆಳಗ ಕುಂತಾಳ. ಇದರಾಗ ನಾ ಏನ್ ಮಾಡೀನಿ?"

ಮರ್ದಾನಸಾಬರು ಸ್ಟ್ರೈಕರನ್ನು ನನ್ನ ಮೇಲೇ ಬಿಟ್ಟು ಎದ್ದು ಹೋದರು.

ಮರುದಿನ ಅವರ ಜಾಗದಲ್ಲಿ ಸಂಘದ ಕಾರ್ಯದರ್ಶಿ ಗುರುಸಿದ್ದಪ್ಪನವರು ಬಂದು ಕೂತರು. ನನ್ನ ಮೇಲೆ ಒಂದು ಕಾಗದ ಹಾಸಿದರು. ಮರ್ದಾನಸಾಬರನ್ನು ಸಂಘದಿಂದ ತೆಗೆಯಬೇಕೆಂಬ ಅರ್ಜಿ ಅದು.

"ನಿಮ್ಮದೊಂದು ಸಹಿ ಬೇಕ್ರಿ, ಪೇಣಕರ ಸಾಹೇಬ್ರ. ಈ ಸಾಬರಿಗೆ ನಿಮ್ಮವ್ರು ಅಲ್ಲಿ ಛಲೋ ಬುದ್ಧಿ ಕಲಸಾಕತ್ತಾರ. ಇಲ್ಲೂ ಹಂಗ ಕಲಸಬೇಕು."

ಎಜ್ರಾ ಪೆನ್ನು ತೆಗೆದುಕೊಂಡರು. ಹಿಂದಿನ ದಿನದ ಮಾತು ಅವರನ್ನು ಇನ್ನೂ ಸುಡುತ್ತಿತ್ತು. ಪೆನ್ನಿನ ಮೊನೆ ಕಾಗದಕ್ಕೆ ತಾಗಿದ್ದು ನನಗೆ ತಿಳಿಯಿತು. ಸಹಿ ಮಾಡಿಯೇ ಬಿಡುತ್ತಾರೆ ಎಂದು ಹೆದರಿದೆ. ಅವರು ಪೆನ್ನನ್ನು ಕಾಗದದ ಮೇಲೆ ಅಡ್ಡ ಇಟ್ಟರು.

"ಅವ ಅಂದದ್ದು ತಪ್ಪು. ಅದನ್ನ ನಾನ ಅವಗ ಕೇಳ್ತೀನಿ. ಈಗ ನೀವು ಅಂದದ್ದೂ ಅಂಥಾದ್ದ ತಪ್ಪು. ನನ್ನ ಹೆಸರಿನ್ಯಾಗ ಇದನ್ನ ಮಾಡಬ್ಯಾಡ್ರಿ."

"ಹಂಗಾರ ನಾಳಿಂದ ನೀವೂ ಬರಬ್ಯಾಡ್ರಿ" ಎಂದರು ಗುರುಸಿದ್ದಪ್ಪನವರು. ಸುತ್ತ ಕೂತ ಆರು ಮಂದಿಯಲ್ಲಿ ಒಬ್ಬರೂ ತಲೆ ಎತ್ತಲಿಲ್ಲ.

ಈ ಸುದ್ದಿ ಮರ್ದಾನಸಾಬರಿಗೆ ಮುಟ್ಟಲು ವಾರ ಹಿಡಿಯಿತು. ಮುಟ್ಟಿದ ದಿನವೇ ಸಂಘಕ್ಕೆ ಬಂದರು, ಯಾರನ್ನೂ ಕೇಳದೆ ನನ್ನನ್ನು ಸೈಕಲ್ಲಿಗೆ ಕಟ್ಟಿದರು, ನೇರ ಎಜ್ರಾ ಅವರ ಮನೆಗೆ ಹೋದರು. ಅವರ ಹೆಂಡತಿ ಸಾರಾಬಾಯಿ ಅರ್ಧ ಬಾಗಿಲು ತೆರೆದು ನಿಂತರು. ಒಳಗೆ ಕರೆಯಲಿಲ್ಲ.

"ಬಾಯಿ ತಪ್ಪಿ ಬಂತು ಅನ್ನಾಕ ಬಂದಿಲ್ಲ, ಎಜ್ರಾ," ಎಂದರು ಮರ್ದಾನಸಾಬರು ಹೊಸ್ತಿಲಾಚೆಯಿಂದ. "ಮನಸ್ಸಿನ್ಯಾಗ ಇತ್ತು, ಅದಕ್ಕ ಬಂತು. ಎಷ್ಟ ವರ್ಷದಿಂದ ಇತ್ತೋ ನನಗೂ ಗೊತ್ತಿಲ್ಲ. ಅದ ಹೆದರಿಕಿ ಆಗೇತಿ."

ಒಳಗಿನಿಂದ ಎಜ್ರಾ ಅವರ ದನಿ ಬಂತು: "ಬಾ. ಆದರ ಆಟ ಬ್ಯಾಡ."

ಅಂದಿನಿಂದ ನಾನು ಈ ಮನೆಯ ಗೋಡೆಗೆ ಒರಗಿದ್ದೇನೆ. ಮೈಯ ಬಣ್ಣ ಹೋಗಿದೆ, ಒಂದು ಮೂಲೆಯ ಬಲೆ ಹರಿದಿದೆ. ಯುದ್ಧ ನಿಂತಿಲ್ಲ. ಮರ್ದಾನಸಾಬರು ಬರುತ್ತಾರೆ, ಚಹಾ ಕುಡಿಯುತ್ತಾರೆ. ಕೆಲವೊಮ್ಮೆ ದನಿ ಏರುತ್ತದೆ, ಸಾರಾಬಾಯಿ ಟಿವಿ ಆರಿಸುತ್ತಾರೆ. ಇಷ್ಟು ವರ್ಷ ಎದುರುಬದುರು ಕೂತವರ ಒಳಗೆ ಏನಿದೆ ಎಂದು ನನಗೂ ತಿಳಿದಿರಲಿಲ್ಲ.

ನಿನ್ನೆ ಎಜ್ರಾ ಕೇಳಿದರು, "ಮತ್ತ ಹಂಗ ಅನ್ನಬೇಕು ಅನಸ್ತೈತೇನು?"

"ಅನಸ್ತೈತಿ," ಎಂದರು ಮರ್ದಾನಸಾಬರು. "ಅನಸಿದ ದಿನಾನ ಇಲ್ಲಿಗೆ ಬರ್ತೀನಿ. ನಿನ್ನ ಮಾರಿ ನೋಡಿದ ಮ್ಯಾಲೆ ಅನ್ನಾಕ ಆಗಂಗಿಲ್ಲ."